ತಾತನ ಕೈ, ನನ್ನ ಪೆಟ್ಟಿಗೆ

2023ರ ಬೇಸಿಗೆ. ಸಿರುಗುಪ್ಪ ತಾಲೂಕಿನ ಒಂದು ಊರು. ಊರ ಹೆಸರು ಬೇಡ, ಅಲ್ಲಿಯವರು ನನಗೆ ಇವತ್ತಿಗೂ ಊಟ ಹಾಕುವವರು. ಆಂಜನೇಯನ ಗುಡಿಕಟ್ಟೆಯ ಮೇಲೆ ನಾಟಕದ ಕಮಿಟಿಯವರು ನೋಟ್‌ಬುಕ್ ಇಟ್ಟುಕೊಂಡು ಲೆಕ್ಕ ಹಾಕುತ್ತಿದ್ದರು. ಸೀನರಿಯವರಿಗೆ ಇಷ್ಟು, ಮೈಕ್‌ಸೆಟ್ಟಿಗೆ ಇಷ್ಟು, ಹೊರಗಿನಿಂದ ಬರುವ ಸ್ತ್ರೀಪಾತ್ರದ ಕಲಾವಿದೆಯರಿಗೆ ಇಷ್ಟು, ಕರಪತ್ರಕ್ಕೆ ಇಷ್ಟು. ಎರಡು ಸಲ ಕೂಡಿದರೂ ಮೊತ್ತ ಇಳಿಯಲಿಲ್ಲ. ಆಗ ಅವರಲ್ಲೊಬ್ಬರು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ನನ್ನ ಕಡೆ ತಿರುಗಿದರು.

“ಅಣ್ಣಾ, ನಿಮ್ಮ ಕ್ಯಾಸಿಯೋದಾಗ ತಬಲಾನೂ ಐತಲ್ಲ. ಹೋದ್ಸಲ ನಾವೇ ಕೇಳೀವಿ. ಮತ್ತ ತಬಲಾದವ್ರಿಗೆ ಬೇರೆ ಯಾಕ ಕೊಡ್ಬೇಕು?”

ನಾನು “ನಡೀತೈತಿ” ಅಂದೆ.

ಒಂದೇ ಮಾತು. ಯಾರೂ ನನ್ನನ್ನು ಬಲವಂತ ಮಾಡಿರಲಿಲ್ಲ. ತಬಲಾದವರಿಗೆಂದು ಬರೆದಿದ್ದ ಎರಡೂವರೆ ಸಾವಿರವನ್ನು ಹೊಡೆದುಹಾಕಿ, ನನ್ನ ನಾಲ್ಕು ಸಾವಿರದ ಪಕ್ಕದಲ್ಲಿ ಐದು ಎಂದು ತಿದ್ದಿದರು. ಅವರಿಗೆ ಒಂದೂವರೆ ಸಾವಿರ ಉಳಿಯಿತು, ನನಗೆ ಒಂದು ಸಾವಿರ ಹೆಚ್ಚಾಯಿತು. ಆ ಹೆಚ್ಚಿನ ಸಾವಿರ ಯಾರದು ಎನ್ನುವುದನ್ನು ನಾನು ಅವತ್ತಿನಿಂದ ಲೆಕ್ಕ ಹಾಕುತ್ತಲೇ ಇದ್ದೇನೆ. ಹಗಲು ನಾನು ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಲೆಕ್ಕ ಬರೆಯುವವನು, ಲೆಕ್ಕ ನನಗೆ ಹೊಸದಲ್ಲ. ಆದರೆ ಇದು ಇನ್ನೂ ತಾಳೆಯಾಗಿಲ್ಲ.

ಓದುವವರಲ್ಲಿ ನಮ್ಮ ಕಡೆಯ ನಾಟಕ ನೋಡದವರೂ ಇರಬಹುದು. ಬಳ್ಳಾರಿ, ಕುರುಗೋಡು, ಸಿರುಗುಪ್ಪ ಸೀಮೆಯಲ್ಲಿ ಯುಗಾದಿಯ ಆಸುಪಾಸು, ಜಾತ್ರೆಗಳ ಕಾಲದಲ್ಲಿ ಊರೂರಲ್ಲಿ ನಾಟಕ ಆಗುತ್ತದೆ. ಬಯಲಾಟವೂ ಉಂಟು. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯನ್ನು ನಾನು ಎಷ್ಟು ಊರಲ್ಲಿ ನುಡಿಸಿದ್ದೇನೋ ಎಣಿಸಿಟ್ಟಿಲ್ಲ. ಹೊಲಕ್ಕೆ ನೀರು ಕಟ್ಟುವವರು, ಟ್ರ್ಯಾಕ್ಟರ್ ಹೊಡೆಯುವವರು ಎರಡು ಮೂರು ತಿಂಗಳು ತಾಲೀಮು ಮಾಡಿ ಒಂದು ರಾತ್ರಿ ದುರ್ಯೋಧನ, ಅಶ್ವತ್ಥಾಮ ಆಗುತ್ತಾರೆ. ಅವರಿಗೆ ಪದ್ಯ ಕಲಿಸುವವರು ಹಾರ್ಮೋನಿಯಂ ಮಾಸ್ತರು. ಅವರ ಬಲಕ್ಕೆ ತಬಲಾ. ಈಗ ಇಪ್ಪತ್ತು ಇಪ್ಪತ್ತೈದು ವರ್ಷದಿಂದ ಎಡಕ್ಕೆ ನಾನು, ಅಂದರೆ ನನ್ನಂಥವರು, ಕ್ಯಾಸಿಯೋದವರು.

ಕ್ಯಾಸಿಯೋ ಎಂದರೆ ನಮ್ಮಲ್ಲಿ ಕಂಪನಿಯ ಹೆಸರಲ್ಲ, ವಾದ್ಯದ ಹೆಸರು. ಕರಪತ್ರದಲ್ಲಿ ‘ಕ್ಯಾಸಿಯೋ’ ಎಂದೇ ಅಚ್ಚಾಗುತ್ತದೆ, ಸ್ಟೇಜಿನ ಮೇಲೆ ಇರುವುದು ಯಮಹಾನೋ ಕೋರ್ಗೋ ರೋಲ್ಯಾಂಡೋ ಆಗಿರುತ್ತದೆ. ಇವುಗಳಲ್ಲಿ ಅರೇಂಜರ್ ಎಂಬ ಜಾತಿಯೊಂದಿದೆ. ಅದರೊಳಗೆ ‘ಸ್ಟೈಲ್’ಗಳು ತುಂಬಿರುತ್ತವೆ. ಒಂದು ಸ್ಟೈಲ್ ಎಂದರೆ ಕಟ್ಟಿಟ್ಟ ಒಂದು ವಾದ್ಯಮೇಳ: ಶುರುವಿಗೆ ಇಂಟ್ರೋ, ನಡುವಿಗೆ ಮೇನ್, ತಿರುವಿಗೆ ಫಿಲ್, ಮುಗಿಸಲು ಎಂಡಿಂಗ್. ಎಡಗೈಯಲ್ಲಿ ಕಾರ್ಡ್ ಹಿಡಿದರೆ ಬೇಸು, ಗಿಟಾರು, ತಂತಿವಾದ್ಯ ಎಲ್ಲ ಆ ಕಾರ್ಡಿಗೆ ತಿರುಗಿಕೊಳ್ಳುತ್ತವೆ. ಬಲಗೈ ಹಾಡು ನುಡಿಸುತ್ತದೆ. ಒಬ್ಬನೇ ಕೂತು ಎಂಟು ಜನರಾಗಬಹುದು. ಯಮಹಾದವರು ಭಾರತಕ್ಕೆಂದೇ ತಬಲಾ, ಡೋಲಕ್ ಸ್ಟೈಲುಗಳನ್ನು ಹಾಕಿ ‘ಐ’ ಸರಣಿಯ ಕೀಬೋರ್ಡುಗಳನ್ನೇ ಮಾಡಿದರು.

ನಮ್ಮ ರಂಗಗೀತೆಗೆ ಕಾರ್ಡು ಬೇಡ. ಅದು ಒಂದು ಶ್ರುತಿ ಹಿಡಿದು ನಡೆಯುವ ಹಾಡು. ಹಾಗಾಗಿ ನಾವೆಲ್ಲ ಮಾಡುವುದು ಒಂದೇ, ಬೇಸು ಗಿಟಾರುಗಳ ಬಾಯಿ ಮುಚ್ಚಿಸಿ ತಾಳವನ್ನಷ್ಟೇ ಉಳಿಸಿಕೊಳ್ಳುವುದು. ಆದರೆ ಪೆಟ್ಟಿಗೆಯೊಳಗಿನ ಕೆಹರವಾ, ದಾದ್ರಾ ನಮ್ಮ ಸೀಮೆಯವಲ್ಲ. ಸಿನಿಮಾ ಹಾಡಿಗೆ ಸರಿ. ನಾಟಕದ ಪದ್ಯಕ್ಕೆ ಹಾಕಿದರೆ ದುರ್ಯೋಧನ ಮದುವೆ ಆರ್ಕೆಸ್ಟ್ರಾದಲ್ಲಿ ನಿಂತಂತೆ ಕಾಣುತ್ತಾನೆ.

ಕೊರೋನಾದ ಎರಡು ವರ್ಷ ನಾಟಕ ನಿಂತಿದ್ದವು. ಆಗ ಕೈಯಲ್ಲಿ ಕೆಲಸವಿರದೆ ನಾನು ಕಂಪ್ಯೂಟರಿನಲ್ಲಿ ಸಂಗೀತ ಮಾಡುವುದನ್ನು ಕಲಿತೆ. ಒಂದು ಹಳೇ ಲ್ಯಾಪ್‌ಟಾಪ್, ಒಂದು ಸಣ್ಣ ಆಡಿಯೋ ಇಂಟರ್‌ಫೇಸ್, ಒಂದು ಮೈಕು. ಕೀಬೋರ್ಡಿಗೂ ಲ್ಯಾಪ್‌ಟಾಪಿಗೂ ಒಂದು ಯುಎಸ್‌ಬಿ ವೈರು. ಆ ವೈರಿನಲ್ಲಿ ಹರಿಯುವ ಮಿಡಿ ಎಂಬ ಭಾಷೆ 1983ರಿಂದ ಬಳಕೆಯಲ್ಲಿದೆ. ಅದರಲ್ಲಿ ಸದ್ದೇ ಇರುವುದಿಲ್ಲ. ಯಾವ ಮನೆ ಒತ್ತಿದೆ, ಎಷ್ಟು ಜೋರಾಗಿ ಒತ್ತಿದೆ, ಯಾವಾಗ ಬಿಟ್ಟೆ, ಇಷ್ಟೇ. ಜೋರನ್ನು 0ಯಿಂದ 127ರವರೆಗಿನ ಅಂಕಿಯಲ್ಲಿ ಹೇಳುತ್ತದೆ. ಸದ್ದು ಬೇರೆಲ್ಲಿಂದಲೋ ಬರಬೇಕು. ನನಗೆ ತಾತನ ಸದ್ದು ಬೇಕಿತ್ತು.

ತಾತ ಎಂದರೆ ನನ್ನ ತಾತ ಅಲ್ಲ. ಕುರುಗೋಡಿನ ಹತ್ತಿರದ ಹಳ್ಳಿಯವರು, ನಮ್ಮ ಮೇಳದವರೆಲ್ಲ ತಾತ ಎಂದೇ ಕರೆಯುವುದು. ಐವತ್ತು ವರ್ಷ ತಬಲಾ ಬಾರಿಸಿದವರು. ನನ್ನ ಮೊದಲ ನಾಟಕದಲ್ಲಿ ನಾನು ಹೆದರಿ ಕೈ ತಪ್ಪಿಸಿದಾಗ ನನ್ನ ತಪ್ಪನ್ನೇ ತಾಳದೊಳಕ್ಕೆ ಎಳೆದುಕೊಂಡು ಮುಚ್ಚಿದವರು. ಇನ್ನೊಂದು ಸಲ ರಾತ್ರಿ ಎರಡರ ಹೊತ್ತಿಗೆ ಕರೆಂಟು ಹೋಗಿ, ನನ್ನ ಪೆಟ್ಟಿಗೆ ಸತ್ತು, ಜನರೇಟರ್ ಹತ್ತಿಸುವ ಹುಡುಗ ಎಲ್ಲೋ ಮಲಗಿಬಿಟ್ಟಾಗ, ಟಾರ್ಚ್ ಬೆಳಕಿನಲ್ಲಿ ಅವರೊಬ್ಬರ ತಬಲಾ ಮತ್ತು ಮಾಸ್ತರ ಹಾರ್ಮೋನಿಯಂ ಇಡೀ ಒಂದು ಸೀನನ್ನು ಎತ್ತಿ ಆಚೆ ಇಟ್ಟವು. ಜನ ಎದ್ದು ಹೋಗಲಿಲ್ಲ.

2022ರ ಏಪ್ರಿಲಿನಲ್ಲಿ ಅವರ ಮನೆಯಲ್ಲಿ ಎರಡು ದಿನ ರೆಕಾರ್ಡಿಂಗ್ ಮಾಡಿದೆ. ಗೋಡೆಗೆ ಸದ್ದು ಬಡಿದು ವಾಪಸ್ಸು ಬರಬಾರದೆಂದು ಮನೆಯ ಕೌದಿಗಳನ್ನೆಲ್ಲ ಹಗ್ಗಕ್ಕೆ ಇಳಿಬಿಟ್ಟೆವು. ಫ್ಯಾನ್ ಆರಿಸಿದ್ದೆವು. ಬಳ್ಳಾರಿಯ ಏಪ್ರಿಲ್ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಬಿಸಿಲಿಗೆ ತೊಗಲು ಬಿಗಿದು ಶ್ರುತಿ ಏರುತ್ತಿತ್ತು, ತಾತ ಗಂಟೆಗೊಮ್ಮೆ ಸುತ್ತಿಗೆ ಹಿಡಿಯುತ್ತಿದ್ದರು. ಹನ್ನೆರಡು ಬೋಲು. ಒಂದೊಂದನ್ನೂ ಮೆಲ್ಲಗೆ, ಸಾಧಾರಣ, ಜೋರು ಎಂದು ಮೂರು ಥರ. ಪ್ರತಿ ಥರವನ್ನು ನಾಲ್ಕು ನಾಲ್ಕು ಸಲ. ಯಾಕೆಂದರೆ ಯಂತ್ರ ಒಂದೇ ಪೆಟ್ಟನ್ನು ಮತ್ತೆ ಮತ್ತೆ ಬಾರಿಸಿದರೆ ಕಿವಿಗೆ ಮೊಳೆ ಹೊಡೆದಂತೆ ಕೇಳುತ್ತದೆ. ನಾಲ್ಕನ್ನು ಸರದಿಯಲ್ಲಿ ಬಿಟ್ಟರೆ ಮನುಷ್ಯನ ಕೈ ಅನಿಸುತ್ತದೆ. ಒಟ್ಟು 144 ಪೆಟ್ಟು.

“ಒಂದೇ ಥರ ನಾಕ್ಸಲ ಬಾರ್ಸು ಅಂತೀಯಲ್ಲ, ಒಂದೇ ಥರ ನಂಗೆ ಎರಡ್ಸಲ ಬರಂಗಿಲ್ಲೋ ತಮ್ಮಾ” ಅಂದರು ತಾತ. ಅದೇ ಬೇಕು ತಾತ, ಅಂದೆ ನಾನು.

ಹೊರಡುವಾಗ ಮೂರು ಸಾವಿರ ಕೈಗಿಟ್ಟೆ. ಬೇಡ ಅಂದರು, ಆಮೇಲೆ ತಗೊಂಡರು. ಏನು ಮಾಡ್ತೀಯ ಇದನ್ನೆಲ್ಲ, ಅಂತ ಕೇಳಿದರು. “ನೀವು ಬರದ ದಿನ ನಿಮ್ಮ ಬದ್ಲಿ ಇಟ್ಕಂತೀನಿ ತಾತ” ಅಂದೆ. ಇಬ್ಬರೂ ನಕ್ಕೆವು. ಅವರ ಹೆಂಡತಿ, ನಾನು ಅವ್ವ ಅನ್ನುತ್ತೇನೆ, ಮಜ್ಜಿಗೆ ತರುತ್ತಿದ್ದವರು ನಗಲಿಲ್ಲ.

ಆ ಸದ್ದುಗಳನ್ನು ಕತ್ತರಿಸಿ, ಒಂದೊಂದನ್ನು ಒಂದೊಂದು ಮನೆಗೆ ಕೂರಿಸಿ, ಅವರ ನಡೆಗಳನ್ನು ನೆನಪು ಮಾಡಿಕೊಂಡು ಹತ್ತು ಹನ್ನೆರಡು ಸ್ಟೈಲು ಕಟ್ಟಲು ಎರಡು ತಿಂಗಳಾಯಿತು. ಇದರಲ್ಲಿ ನನಗೆ ಸಿಕ್ಕ ಸಂತೋಷವನ್ನು ಮುಚ್ಚಿಡುವುದು ಸುಳ್ಳಾಗುತ್ತದೆ. ಅಂಗಡಿಯಿಂದ ತಂದ ಪೆಟ್ಟಿಗೆ ಮೊದಲ ಸಲ ನಮ್ಮ ಊರಿನ ಸದ್ದು ಮಾಡಿತು. ಕಪ್ಪು ಒಂದರಿಂದ ಬಿಳಿ ನಾಲ್ಕಕ್ಕೆ ಶ್ರುತಿ ಏರಿಸಿದರೆ ತಬಲಾ ಆಟಿಕೆಯಂತಾಗುತ್ತಿತ್ತು, ಅದಕ್ಕೊಂದು ಉಪಾಯ ಹುಡುಕಿದೆ. ಮನೆ ಒತ್ತಿದ್ದಕ್ಕೂ ಸದ್ದು ಬರುವುದಕ್ಕೂ ನಡುವೆ ಹತ್ತು ಹದಿನೈದು ಮಿಲಿಸೆಕೆಂಡು ದಾಟಿದರೆ ಕೈಗೆ ತಿಳಿದುಬಿಡುತ್ತದೆ, ಅದನ್ನು ಇಳಿಸಲು ರಾತ್ರಿಗಳು ಹೋದವು. ರೈತ ಹೊಸ ಬೋರಿನ ನೀರು ನೋಡಿದ ಹಾಗೆ ಕೂತು ಕೇಳುತ್ತಿದ್ದೆ.

ಮುಂದಿನ ಸೀಸನ್ನಿನಲ್ಲಿ ಅದನ್ನು ಮೊದಲು ತಾತನ ಪಕ್ಕದಲ್ಲೇ ನುಡಿಸಿದೆ, ಹಾಡಿನ ನಡುವೆ ತುಂಬಿಕೊಳ್ಳಲು. ಜನ ಮೆಚ್ಚಿದರು. ಆಮೇಲೆ ಗುಡಿಕಟ್ಟೆಯ ಆ ಪ್ರಶ್ನೆ ಬಂತು. ನನ್ನ ‘ನಡೀತೈತಿ’ ಬಂತು. ಒಂದು ಊರಿಂದ ಇನ್ನೊಂದು ಊರಿಗೆ ಸುದ್ದಿ ಹೋಗಲು ನಮ್ಮಲ್ಲಿ ಫೋನೂ ಬೇಕಿಲ್ಲ. ಆ ಬೇಸಿಗೆಯಲ್ಲಿ ನನಗೆ ಹದಿನಾಲ್ಕು ನಾಟಕ. ತಾತನಿಗೆ ಮೂರು.

ಮೇ ತಿಂಗಳ ಒಂದು ರಾತ್ರಿ ತಾತ ಜನರ ನಡುವೆ ಕೂತು ನಾಟಕ ನೋಡಿದರು. ನನಗೆ ಗೊತ್ತಿರಲಿಲ್ಲ. ಬೆಳಗಿನ ಜಾವ ವೈರು ಸುತ್ತುತ್ತಿದ್ದಾಗ ಟವೆಲು ಹೊದ್ದುಕೊಂಡು ಸ್ಟೇಜಿನ ಪಕ್ಕಕ್ಕೆ ಬಂದರು. ನನ್ನ ಎದೆ ಧಸಕ್ಕೆಂದಿತು. ದುಡ್ಡಿನ ಮಾತು ಬರುತ್ತದೆ ಅಂದುಕೊಂಡೆ, ಅದಕ್ಕೆ ಉತ್ತರ ರೆಡಿ ಮಾಡಿಕೊಂಡೆ.

ದುಡ್ಡಿನ ಮಾತು ಬರಲಿಲ್ಲ.

“ಅಶ್ವತ್ಥಾಮ ಪದ್ಯ ಎತ್ತಿ ಉಸ್ರು ತಗಂತಾನಲ್ಲ, ಅಲ್ಲಿ ನಾನು ಬಾರ್ಸಂಗಿಲ್ಲ. ಬಿಡ್ತೀನಿ. ಅವ್ನ ಕಾಲು ನೋಡ್ತೀನಿ. ಕಾಲು ಎತ್ತಿದ ಅಂದ್ರ ಬರ್ತೀನಿ. ನೀ ಅಲ್ಲೂ ನನ್ನ ಕೈಲಿ ಬಾರಿಸ್ದಿ. ಊರಾಗ ನನ್ನ ಕೈ ಗುರ್ತು ಇದ್ದೋರು ಅದಾರಪ್ಪಾ. ಮುದುಕಂಗೆ ಕಣ್ಣು ಹೋಗ್ಯಾವ ಅಂತಾರ.”

ಇಷ್ಟೇ ಹೇಳಿ ಚಾ ಕುಡಿಯಲು ಹೋದರು.

ನಾನು ಕೂಲಿಯ ವಿಷಯದಲ್ಲಿ ತಪ್ಪು ಮಾಡಿದ್ದೇನೆ ಎಂದು ಒಪ್ಪಲು ತಯಾರಾಗಿದ್ದೆ. ಅವರು ಹೇಳಿದ ತಪ್ಪು ನನ್ನ ಪಟ್ಟಿಯಲ್ಲೇ ಇರಲಿಲ್ಲ. ಒಬ್ಬರು ಎಂದೂ ಬಾರಿಸದ ಕಡೆ ಅವರ ಕೈಯಿಂದ ಬಾರಿಸಿದ್ದೆ. ಅವರ ಬಾಯಲ್ಲಿ ಅವರಾಡದ ಮಾತು ಆಡಿಸಿದ ಹಾಗೆ.

ಈ ವಿಷಯವನ್ನು ಗೆಳೆಯರ ಮುಂದೆ ಎತ್ತಿದರೆ ಮೊದಲು ಬರುವ ವಾದ ಹಾರ್ಮೋನಿಯಮ್ಮಿನದು. ಅದೂ ಹೊರಗಿಂದ ಬಂದದ್ದೇ ಅಲ್ಲವೇ ಎನ್ನುತ್ತಾರೆ. ನಿಜ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬ್ಯಾಂ 1842ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ನಮ್ಮ ದೇಶಕ್ಕೆ ಬಂದು ಕಾಲಿನದು ಕೈಯದಾಯಿತು. ಗಮಕ ಬರುವುದಿಲ್ಲ, ಸ್ವರಗಳ ನಡುವಿನ ಜಾಗ ಅದಕ್ಕೆ ಗೊತ್ತಿಲ್ಲ ಎಂದು 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. 1971ರ ತನಕ ಆ ನಿಷೇಧ ನಡೆಯಿತು. ಅಷ್ಟೂ ವರ್ಷ ನಮ್ಮ ಕಂಪನಿ ನಾಟಕಗಳು ಹಾರ್ಮೋನಿಯಮ್ಮಿನ ಮೇಲೆಯೇ ನಿಂತಿದ್ದವು. ಈಗ ಅದೇ ನಮ್ಮ ಪರಂಪರೆ. ಬಳ್ಳಾರಿಯಲ್ಲೇ ನೆಲೆಸಿ 2020ರಲ್ಲಿ ತೀರಿಕೊಂಡ ಸುಭದ್ರಮ್ಮ ಮನ್ಸೂರರ ರಂಗಗೀತೆಗಳನ್ನು ಹಾರ್ಮೋನಿಯಂ ಇಲ್ಲದೆ ನೆನಪಿಸಿಕೊಳ್ಳಲು ನನಗಂತೂ ಆಗುವುದಿಲ್ಲ.

ಆದರೆ ಈ ವಾದ ನನ್ನನ್ನು ಬಿಡಿಸುವುದಿಲ್ಲ. ಹಾರ್ಮೋನಿಯಂ ಬಂದಾಗ ಮುಖವೀಣೆಯವನ ಕೆಲಸ ಹೋಗಿರಬಹುದು, ಆದರೆ ಅವನ ಉಸಿರನ್ನು ಹಾರ್ಮೋನಿಯಮ್ಮಿನೊಳಗೆ ತುಂಬಿರಲಿಲ್ಲ. ಅದು ತನ್ನದೇ ಸದ್ದು ಮಾಡಿ ಗೆದ್ದಿತು. ನನ್ನ ಪೆಟ್ಟಿಗೆ ತಾತನ ಕೆಲಸ ಕಿತ್ತುಕೊಂಡದ್ದು ತಾತನ ಕೈಯಿಂದಲೇ.

1982ರಲ್ಲಿ ಬ್ರಿಟನ್ನಿನ ಸಂಗೀತಗಾರರ ಯೂನಿಯನ್ನಿನ ಮಧ್ಯ ಲಂಡನ್ ಶಾಖೆ ಸಿಂಥಸೈಸರುಗಳಿಗೆ ಕಡಿವಾಣ ಹಾಕಬೇಕೆಂದು ನಿರ್ಣಯ ಮಾಡಿತ್ತು. ಬ್ಯಾರಿ ಮ್ಯಾನಿಲೋ ಎಂಬ ಗಾಯಕ ತನ್ನ ಪ್ರವಾಸದಲ್ಲಿ ವಾದ್ಯವೃಂದದ ಬದಲು ಸಿಂಥಸೈಸರು ಇಟ್ಟುಕೊಂಡದ್ದು ಅವರನ್ನು ಕೆರಳಿಸಿತ್ತು. ನಿರ್ಣಯ ಎಲ್ಲೂ ಮುಟ್ಟಲಿಲ್ಲ. ಅದೇ ವರ್ಷ ಮುಂಬೈಯಲ್ಲಿ ಚರಣಜಿತ್ ಸಿಂಗ್ ಎಂಬ ಸಿನಿಮಾ ವಾದ್ಯಗಾರ ರೋಲ್ಯಾಂಡಿನ ಮೂರು ಯಂತ್ರ ಜೋಡಿಸಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿದರು. ಆಗ ಯಾರೂ ಕೇಳಲಿಲ್ಲ, ಎಷ್ಟೋ ವರ್ಷದ ಮೇಲೆ ಜಗತ್ತು ಕೊಂಡಾಡಿತು. ಹೊಸ ಯಂತ್ರವನ್ನೇ ಬೈಯುವುದು ನನ್ನ ಉದ್ದೇಶವಲ್ಲ. ಆ ಯಂತ್ರಗಳ ಡೊಳ್ಳು ಯಾವ ಡೊಳ್ಳಿನವನದೂ ಅಲ್ಲ, ವಿದ್ಯುತ್ತಿನಿಂದ ಹುಟ್ಟಿದ ಸದ್ದು. ಅದರ ಮೇಲೆ ನನಗೆ ಯಾವ ತಕರಾರೂ ಇಲ್ಲ.

ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು ಕಥೆ. 1969ರಲ್ಲಿ ಅಮೆರಿಕದ ದಿ ವಿನ್‌ಸ್ಟನ್ಸ್ ಎಂಬ ತಂಡದ ಒಂದು ಹಾಡಿನಲ್ಲಿ ಡ್ರಮ್ಮರ್ ಗ್ರೆಗರಿ ಕೋಲ್‌ಮನ್ ನಾಲ್ಕು ಆವರ್ತ, ಸುಮಾರು ಏಳು ಸೆಕೆಂಡು, ಒಬ್ಬನೇ ಬಾರಿಸಿದ್ದಾನೆ. ಸ್ಯಾಂಪ್ಲರುಗಳು ಬಂದ ಮೇಲೆ ಆ ಏಳು ಸೆಕೆಂಡನ್ನು ಕತ್ತರಿಸಿ ಸಾವಿರಾರು ಹಾಡು ಕಟ್ಟಿದರು. ಅದಕ್ಕೆ ‘ಆಮೆನ್ ಬ್ರೇಕ್’ ಎಂಬ ಹೆಸರೂ ಬಿತ್ತು. ಕೋಲ್‌ಮನ್‌ಗೆ ಒಂದು ಪೈಸೆ ಬರಲಿಲ್ಲ. 2006ರಲ್ಲಿ ಅವನು ತೀರಿಕೊಂಡಾಗ ಇರಲು ಮನೆಯೂ ಇರಲಿಲ್ಲ ಎಂದು ತಂಡದ ನಾಯಕ ರಿಚರ್ಡ್ ಸ್ಪೆನ್ಸರ್ ಹೇಳಿದ್ದಾರೆ. 2015ರಲ್ಲಿ ಅಭಿಮಾನಿಗಳು ಚಂದಾ ಎತ್ತಿ 24 ಸಾವಿರ ಪೌಂಡು ಕೊಟ್ಟದ್ದು ಸ್ಪೆನ್ಸರ್‌ಗೆ. ಬಾರಿಸಿದವನು ಅಷ್ಟರಲ್ಲಿ ಹೋಗಿ ಒಂಬತ್ತು ವರ್ಷವಾಗಿತ್ತು.

ಕೋಲ್‌ಮನ್‌ನ ಕೈ ಕತ್ತರಿಸಿದವರಿಗೆ ಅವನ ಮುಖ ಗೊತ್ತಿರಲಿಲ್ಲ. ಕ್ಯಾಸೆಟ್ಟಿನಿಂದ, ಪ್ಲೇಟಿನಿಂದ ಎತ್ತಿಕೊಂಡವರು. ನನಗೆ ಆ ನೆಪವೂ ಇಲ್ಲ. ನಾನು ಅವರ ಮನೆಯಲ್ಲಿ ಮಜ್ಜಿಗೆ ಕುಡಿದು ಎತ್ತಿಕೊಂಡವನು.

ಆದರೆ ತಾತ ಒಪ್ಪಿದ್ದರಲ್ಲ? ದುಡ್ಡೂ ಕೊಟ್ಟಿದ್ದೆನಲ್ಲ? ಈ ಎರಡು ಮಾತುಗಳನ್ನು ಹಿಡಿದುಕೊಂಡು ನಾನು ಕೆಲವು ತಿಂಗಳು ನೆಮ್ಮದಿಯಿಂದಿದ್ದೆ. ಅವರು ಒಪ್ಪಿದ್ದು ಯಾವುದಕ್ಕೆ? ‘ನೀವು ಬರದ ದಿನ’ಕ್ಕೆ. ಬರಲಾಗದ ದಿನ ಬೇರೆ, ಬರಬೇಡಿ ಎಂದು ಹೇಳಿಸಿಕೊಂಡ ದಿನ ಬೇರೆ. ನಾನು ಮೊದಲನೆಯದಕ್ಕೆ ಒಪ್ಪಿಗೆ ಪಡೆದು ಎರಡನೆಯದಕ್ಕೆ ಬಳಸಿದೆ. ಇನ್ನು ಮೂರು ಸಾವಿರ. ಅದು ಎರಡು ದಿನದ ಶ್ರಮಕ್ಕೆ ಒಳ್ಳೆಯ ಕೂಲಿಯೇ. ಆದರೆ ನಾನು ಅವತ್ತು ಮನೆಗೆ ಹೊತ್ತುಕೊಂಡು ಹೋದದ್ದು ಎರಡು ದಿನದ ಶ್ರಮವಲ್ಲ. ಎತ್ತನ್ನು ಎರಡು ದಿನ ಬಾಡಿಗೆಗೆ ತಂದು, ಅದರ ಬಾಡಿಗೆ ಕೊಟ್ಟು, ಎತ್ತನ್ನು ವಾಪಸ್ಸು ಕಟ್ಟಿ, ಆದರೂ ಹೇಗೋ ಅದೇ ಎತ್ತು ನನ್ನ ಹೊಲದಲ್ಲಿ ದಿನವೂ ಉಳುತ್ತಿದೆ ಅಂದರೆ ಆ ವ್ಯಾಪಾರಕ್ಕೆ ಏನೆನ್ನಬೇಕು? ನಮ್ಮ ಹಳೇ ನ್ಯಾಯದಲ್ಲಿ ಇದಕ್ಕೆ ಪದವಿಲ್ಲ. ಕದ್ದ ಎತ್ತು ಅನ್ನಲಾಗದು, ಎತ್ತು ಅವನ ಕೊಟ್ಟಿಗೆಯಲ್ಲೇ ಇದೆ. ಅದಕ್ಕೆ ಕೆಲಸ ಮಾತ್ರ ಇಲ್ಲ.

ಕಾನೂನು ಏನನ್ನುತ್ತದೆಂದೂ ನೋಡಿದೆ. 1957ರ ಕಾಪಿರೈಟ್ ಕಾಯ್ದೆಗೆ 1994ರ ತಿದ್ದುಪಡಿಯಲ್ಲಿ ಪ್ರದರ್ಶಕರ ಹಕ್ಕು ಸೇರಿತು. 2012ರ ತಿದ್ದುಪಡಿಯಲ್ಲಿ ಇನ್ನೊಂದು ಬಂತು: ಪ್ರದರ್ಶಕನಿಗೆ ತನ್ನ ಹೆಸರು ಹೇಳಿಸಿಕೊಳ್ಳುವ ಹಕ್ಕು, ತನ್ನ ಪ್ರದರ್ಶನವನ್ನು ತನ್ನ ಮರ್ಯಾದೆಗೆ ಕುಂದು ಬರುವಂತೆ ತಿರುಚಿದರೆ ತಡೆಯುವ ಹಕ್ಕು. ಓದಿದಾಗ ಮೈ ಜುಮ್ಮೆಂದಿತು. ಬೆಳಗಿನ ಜಾವ ತಾತ ಟವೆಲು ಹೊದ್ದು ಹೇಳಿದ್ದೂ ಇದನ್ನೇ ಅಲ್ಲವೇ. 144 ಬಿಡಿ ಪೆಟ್ಟುಗಳು ಕಾನೂನಿನ ಕಣ್ಣಲ್ಲಿ ಪ್ರದರ್ಶನವೋ ಅಲ್ಲವೋ ಎನ್ನುವುದನ್ನು ವಕೀಲರಿಗೆ ಬಿಡುತ್ತೇನೆ. ತಾತ ಕೋರ್ಟಿಗೆ ಹೋಗುವವರಲ್ಲ. ನನಗೆ ಬೇಕಾದದ್ದು ಕೋರ್ಟಿನ ಉತ್ತರವೂ ಅಲ್ಲ.

ಕಮಿಟಿಯವರ ಪರವಾಗಿಯೂ ಹೇಳಬೇಕು. ಅವರು ಜಿಪುಣರಲ್ಲ. ಸಿರುಗುಪ್ಪದ ಕಡೆ ಭತ್ತದ ಸೀಮೆ, ಕಾಲುವೆಗೆ ನೀರು ಬಿಟ್ಟ ವರ್ಷ ಒಂದು ಕೈ, ಬಿಡದ ವರ್ಷ ಇನ್ನೊಂದು ಕೈ. ನಾಟಕ ಆಡುವವರು ತಮ್ಮ ಪಾತ್ರಕ್ಕೆ ತಾವೇ ದುಡ್ಡು ಹಾಕುತ್ತಾರೆ. ಒಂದೂವರೆ ಸಾವಿರ ಉಳಿದರೆ ಅದು ಸ್ತ್ರೀಪಾತ್ರದ ಅಮ್ಮನವರ ಬಾಕಿಗೆ ಹೋಗುತ್ತದೆ. ಅವರಿಗೂ ಮನೆ ಮಕ್ಕಳು ಇವೆ. ಒಬ್ಬ ಬಡವನ ಖರ್ಚು ಉಳಿಸಲು ಇನ್ನೊಬ್ಬ ಬಡವನನ್ನು ಬಿಡಿಸಿದರು. ಆ ಬಿಡಿಸುವ ಕತ್ತರಿ ಅವರಿಗೆ ಸಿಕ್ಕಿದ್ದು ನನ್ನ ಕೈಯಿಂದ, ಕತ್ತರಿಗೆ ಒಂದು ಸಾವಿರ ಬಾಡಿಗೆ ತಗೊಂಡವನೂ ನಾನೇ. ನಮ್ಮ ಜೀನ್ಸ್ ಘಟಕದಲ್ಲಿ ಕಂಪ್ಯೂಟರ್ ಕಸೂತಿ ಯಂತ್ರ ಬಂದಾಗ ಕೈಕಸೂತಿಯವರಿಗೆ ಕೊನೆಯ ಲೆಕ್ಕ ಚುಕ್ತಾ ಮಾಡಿದವನೂ ನಾನೇ ಆಗಿದ್ದೆ. ಆಗ ನನಗೆ ಏನೂ ಅನಿಸಿರಲಿಲ್ಲ, ಇದು ಆಮೇಲೆ ಹೊಳೆದ ವಿಷಯ. ಅದನ್ನು ಬರೆದರೆ ಇನ್ನೊಂದು ಪ್ರಬಂಧ ಆಗುತ್ತದೆ, ಸದ್ಯಕ್ಕೆ ಬೇಡ.

ಹಾಗಾದರೆ ಅಳಿಸಿಬಿಡು, ಅಂದಳು ಹೆಂಡತಿ. ಲ್ಯಾಪ್‌ಟಾಪ್ ತೆಗೆದು ಫೋಲ್ಡರಿನ ಮೇಲೆ ಬೆರಳಿಟ್ಟದ್ದೂ ಉಂಟು. ಆಗಲಿಲ್ಲ. ನನ್ನ ಎರಡು ತಿಂಗಳ ಕೆಲಸ ಎಂಬ ಲೋಭ ಒಂದು ಕಡೆ. ಇನ್ನೊಂದು ಕಡೆ, ಐವತ್ತು ವರ್ಷ ಬಾರಿಸಿದವರ ಕೈ ಎಲ್ಲಾದರೂ ಸ್ವಚ್ಛವಾಗಿ ದಾಖಲಾಗಿದೆ ಎಂದರೆ ಆ ಫೋಲ್ಡರಿನಲ್ಲಿ ಮಾತ್ರ. ಬಳ್ಳಾರಿಯಲ್ಲಿ ರಂಗಭೂಮಿಯ ಭಾಷಣಗಳೆಲ್ಲ ಬಳ್ಳಾರಿ ರಾಘವರಿಂದ ಶುರುವಾಗುತ್ತವೆ, ಅವರ ಹೆಸರಿನ ಕಲಾಮಂದಿರವೇ ಇದೆ, ಇರಬೇಕಾದದ್ದೇ. ಪಕ್ಕದಲ್ಲಿ ಕೂತು ತಾಳ ಹಿಡಿದವರ ಹೆಸರನ್ನು ಆ ಭಾಷಣಗಳಲ್ಲಿ ನಾನು ಕೇಳಿಲ್ಲ. ಅಳಿಸಿದರೆ ಅದೇ ಸಾಲಿಗೆ ಇನ್ನೊಬ್ಬರನ್ನು ಸೇರಿಸಿದಂತೆ.

ಕೊನೆಗೆ ತಾತನನ್ನೇ ಕೇಳಿದೆ. ಕೇಳಲು ಒಂದು ವರ್ಷ ಬೇಕಾಯಿತು. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಗುಡಿ ಮುಂದೆ ಸಿಕ್ಕರು. ಕೈ ಮುಂದೆ ಚಾಚಿ ತೋರಿಸಿದರು. ಬಲಗೈಯ ಬೆರಳ ಗಿಣ್ಣುಗಳು ಊದಿದ್ದವು. ತೋರುಬೆರಳು ಪೂರ್ತಿ ಮಡಚುತ್ತಿರಲಿಲ್ಲ. “ಈಗ ತಿರಕಿಟ ಬರಂಗಿಲ್ಲ. ನಿನ್ನ ಪೆಟ್ಟಿಗ್ಯಾಗ ಬರ್ತೈತೇನು?” ಎಂದರು. ಬರ್ತೈತಿ ತಾತ, ಅಂದೆ. “ಹಂಗಾದ್ರ ಇಟ್ಕ. ಆದ್ರ ಬಿಡೋ ಕಡೆ ಬಿಡ್ಸು.”

ಬಿಡೋ ಕಡೆ ಬಿಡಿಸುವುದು. ಇದೇ ಯಂತ್ರಕ್ಕೆ ಬರದದ್ದು. ಸ್ಟೈಲು ಓಡುತ್ತಲೇ ಇರುತ್ತದೆ, ನಟ ಉಸಿರು ತಗೊಳ್ಳಲಿ ಬಿಡಲಿ. ನಾನು ಬಟನ್ ಒತ್ತಿ ನಿಲ್ಲಿಸಬಹುದು, ಆದರೆ ನನ್ನ ಎರಡೂ ಕೈ ಹಾಡಿನ ಮೇಲಿರುತ್ತವೆ, ಕಣ್ಣು ಮಾಸ್ತರ ಮೇಲೆ. ಅಶ್ವತ್ಥಾಮನ ಕಾಲು ನೋಡುವವರು ಬೇರೆ ಬೇಕು.

ಆಮೇಲೆ ಹೊಳೆದದ್ದು ಸಣ್ಣ ಉಪಾಯ. ಆರ್ಕೆಸ್ಟ್ರಾದ ಹುಡುಗರು ಕಡ್ಡಿಯಲ್ಲಿ ಬಾರಿಸುವ ಪ್ಯಾಡ್ ಇದೆಯಲ್ಲ, ಅಂಥ ಹಳೆಯದೊಂದನ್ನು ತಂದು ಲ್ಯಾಪ್‌ಟಾಪಿಗೆ ಜೋಡಿಸಿದೆ. ಎಂಟು ಚೌಕ. ಆರು ಚೌಕಕ್ಕೆ ಅವರ ಬಿಡಿ ಬೋಲು. ಒಂದಕ್ಕೆ ತಿರಕಿಟದಂಥ ಓಟದ ಜೋಡಣೆ, ಅವರ ಬೆರಳಿಗೆ ಈಗ ಆಗದ್ದು. ಇನ್ನೊಂದು ಚೌಕ ತಟ್ಟಿದರೆ ಓಡುತ್ತಿರುವ ನಡೆ ನಿಲ್ಲುತ್ತದೆ, ಮತ್ತೆ ತಟ್ಟಿದರೆ ಅದೇ ಕ್ಷಣದಿಂದ ಹಿಡಿಯುತ್ತದೆ. ವೇಗವನ್ನೂ ಅವರು ತಟ್ಟಿದ ಲೆಕ್ಕಕ್ಕೆ ಏರಿಸಿ ಇಳಿಸುವಂತೆ ಮಾಡಿದೆ. ಅಂಗೈಯಲ್ಲಿ ಮೆತ್ತಗೆ ತಟ್ಟಿದರೂ ಸಾಕು.

ತಾತ ಮೊದಲ ದಿನ ಅದನ್ನು ಚಪಾತಿ ಹಿಟ್ಟು ತಟ್ಟಿದಂತೆ ತಟ್ಟಿ ನಕ್ಕರು. “ತೊಗಲು ಇಲ್ಲ, ಮೈ ಇಲ್ಲ, ಇದೆಂಥದ್ದೋ” ಅಂದರು. ಒಂದು ಗಂಟೆ ಕಳೆದ ಮೇಲೆ ಮಾತು ನಿಂತಿತು. ಮಾಸ್ತರು ಪದ್ಯ ಎತ್ತಿದರು. ತಾತ ನಿಲ್ಲಿಸುವ ಚೌಕದ ಮೇಲೆ ಅಂಗೈ ಇಟ್ಟು, ಮಾಸ್ತರ ಕಾಲನ್ನೇ ನೋಡುತ್ತ ಕೂತರು. ಬಿಟ್ಟರು. ಆ ಬಿಟ್ಟ ಜಾಗ ಎಷ್ಟು ಹೊತ್ತಿತ್ತೋ, ಅಷ್ಟು ಹೊತ್ತು ಮನೆಯಲ್ಲಿ ಯಾರೂ ಉಸಿರಾಡಲಿಲ್ಲ. ಆಮೇಲೆ ಬಂದರು.

ಒಂದು ಅರಿಕೆ. ಇದು ತಬಲಾ ಅಲ್ಲ. ರಾತ್ರಿ ಮೂರರ ಇಬ್ಬನಿಗೆ ಇದರ ಶ್ರುತಿ ಇಳಿಯುವುದಿಲ್ಲ, ತಾತ ಸುತ್ತಿಗೆ ಎತ್ತುವಾಗ ಮಾಸ್ತರು ಒಂದು ಸ್ವರ ಹಿಡಿದು ಕಾಯುವ ಆ ಸಣ್ಣ ಹೊತ್ತು ಇಲ್ಲ. ಕರೆಂಟು ಹೋದರೆ ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಪ್ಯಾಡಿಗೂ ನನಗೂ ಇಲ್ಲ, ನಾವಿಬ್ಬರೂ ಒಟ್ಟಿಗೆ ಸಾಯುತ್ತೇವೆ. ಅದಕ್ಕೆ ತಾತ ಇವತ್ತಿಗೂ ತಬಲಾ ಜೋಡಿಯನ್ನು ಪಕ್ಕದಲ್ಲಿ ಬಟ್ಟೆ ಮುಚ್ಚಿ ಇಟ್ಟುಕೊಂಡೇ ಬರುತ್ತಾರೆ.

ದುಡ್ಡಿನ ವಿಷಯ ಇನ್ನೂ ಸರಿಯಾಗಿಲ್ಲ. ಹಳೆಯ ಸೀಸನ್ನಿನ ಹನ್ನೊಂದು ನಾಟಕದ ಹೆಚ್ಚುವರಿ ಸಾವಿರಗಳನ್ನು ಕವರಿನಲ್ಲಿ ಹಾಕಿ ಕೊಟ್ಟೆ, ಅವ್ವ ಈಸಿಕೊಂಡರು, ತಾತ ನೋಡಿಯೂ ನೋಡದವರಂತೆ ಇದ್ದರು. ಕಮಿಟಿಯವರು ಮಾತ್ರ ಹೊಸ ಪ್ರಶ್ನೆ ತೆಗೆದಿದ್ದಾರೆ. ಬಾರಿಸೋದು ಕಂಪ್ಯೂಟರ್, ತಾತ ಸುಮ್ನೆ ತಟ್ತಾರ, ಅದಕ್ಕ ಪೂರಾ ದುಡ್ಡು ಯಾಕ? ಈ ಸಲ ನಾನು ‘ನಡೀತೈತಿ’ ಅನ್ನಲಿಲ್ಲ. ತಾತ ಬರದಿದ್ದರೆ ಆ ಸದ್ದೂ ಬರುವುದಿಲ್ಲ ಎಂದೆ. ಎರಡು ಊರಿನವರು ಒಪ್ಪಿದರು. ಒಂದು ಊರಿನವರು ಬೇರೆ ಕ್ಯಾಸಿಯೋದವರನ್ನು ಕರೆಸಿಕೊಂಡರು. ಅವರ ಪೆಟ್ಟಿಗೆಯಲ್ಲಿ ಯಾರ ಕೈ ಇದೆಯೋ.

ಹೋದ ವಾರ ಬಳ್ಳಾರಿಯ ಪ್ರಿಂಟಿಂಗ್ ಪ್ರೆಸ್ಸಿನಿಂದ ಹುಡುಗ ಫೋನು ಮಾಡಿದ್ದ. ಕರಪತ್ರದ ಪ್ರೂಫು ಕಳಿಸಿದ್ದಾನೆ. ಹಾರ್ಮೋನಿಯಂ ಎದುರಿಗೆ ಮಾಸ್ತರ ಹೆಸರು, ಕ್ಯಾಸಿಯೋ ಎದುರಿಗೆ ನನ್ನದು. ತಾತನ ಹೆಸರಿನ ಎಡಗಡೆ ಖಾಲಿ ಬಿಟ್ಟಿದ್ದಾನೆ. “ಅಣ್ಣಾ, ಇಲ್ಲಿ ತಬಲಾ ಅಂತ ಹಾಕ್ಲೇ, ಪ್ಯಾಡ್ ಅಂತ ಹಾಕ್ಲೇ?”

ತಾತನಿಗೆ ಫೋನು ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಆ ಕಡೆ ಸದ್ದೇ ಇರಲಿಲ್ಲ. ಹಿಂದೆ ಅವ್ವ ಯಾರಿಗೋ ಏನೋ ಹೇಳುತ್ತಿದ್ದುದು ಕೇಳಿಸಿತು.

“ನನ್ನ ಹೆಸ್ರು ಮುಂದ ನನ್ನ ಊರಿನ ಹೆಸ್ರು ಹಾಕ್ಸು” ಅಂದರು. “ಹೋದ್ಸಲ ಬಿಟ್ಟಿದ್ರು.”